ಶೇಂಗಾ ಬೆರೆಸಿದ ರೊಟ್ಟಿ

ದಾವಣಗೆರೆಯ ಹತ್ತಿ ಗಿರಣಿಯ ಹಿಂದಿನ ಓಣಿಯಲ್ಲಿ ಕೊಟ್ರವ್ವ ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಗಂಡನಿಲ್ಲದ ಸಂಸಾರ ನಡೆದದ್ದು, ಮಗಳು ಊರಮ್ಮನನ್ನು ಹರಿಹರಕ್ಕೆ ಕೊಟ್ಟದ್ದು, ಎಲ್ಲ ಆ ಕೈಗಳಿಂದಲೇ. ಗಿರಣಿಯವರಿಗೆ ರೊಟ್ಟಿಯ ಜೊತೆ ಬೇಳೆ, ಪಲ್ಯ. ಅವರು ಉಂಡೆದ್ದ ಮೇಲೆ ಅವಳಿಗೆ ರೊಟ್ಟಿ, ಖಾರ, ನೀರು.

ಸಾವಿರದ ಒಂಬೈನೂರ ಅರವತ್ತೆರಡರ ಬೇಸಿಗೆಯಲ್ಲಿ ಅವಳ ಮುಂಗೈ ಮತ್ತು ಕೊರಳ ಸುತ್ತ, ಬಿಸಿಲು ಬೀಳುವ ಕಡೆ ಮಾತ್ರ, ಚರ್ಮ ಕಪ್ಪಾಗಿ ಬಿರಿಯಿತು. ಗಿರಣಿಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ದೊಡ್ಡ ರೋಗವಂತೆ ಎಂಬ ಮಾತು ಹರಿಹರದ ಬೀಗರ ಮನೆಯನ್ನೂ ಮುಟ್ಟಿತು.

ಆಸ್ಪತ್ರೆಯ ಡಾಕ್ಟರು ಅವಳ ಕೈ ಹಿಡಿದೇ ನೋಡಿದರು. ಸೂಜಿ ಚುಚ್ಚಿದ ಕಡೆಯೆಲ್ಲ ನೋವು ತಿಳಿಯಿತು. ಇದು ಕುಷ್ಠವಲ್ಲ, ಬರೀ ಜೋಳ ಉಣ್ಣುವವರಿಗೆ ಬರುವ ಕೊರತೆ, ಯಾರಿಗೂ ಅಂಟದು ಎಂದರು. ಗುಳಿಗೆ ಕೊಟ್ಟು, ಜೋಳದ ಜೊತೆ ಶೇಂಗಾ, ಬೇಳೆ ಸೇರಿಸಲು ಹೇಳಿದರು.

ಕೊಟ್ರವ್ವ ಹಯಾತ್ ಸಾಬರ ಅಂಗಡಿಯ ಶೇಂಗಾ ಹುರಿದು ಕುಟ್ಟಿ ಹಿಟ್ಟಿಗೆ ಬೆರೆಸಿದಳು. ಹೆಚ್ಚಾದರೆ ರೊಟ್ಟಿ ತಟ್ಟುವಾಗಲೇ ಒಡೆಯುತ್ತಿತ್ತು. ಸ್ವಲ್ಪ ಕಡಿಮೆ ಮಾಡಿ, ಕುದಿಯುವ ಎಸರಿನಲ್ಲಿ ಹಿಟ್ಟು ನಾದಿದಾಗ ನಿಂತಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಪ್ಪು ಸಿಪ್ಪೆ ಉದುರಿ ತೆಳುವಾದ ಹೊಸ ಚರ್ಮ ಬಂತು. ಗಿರಾಕಿಗಳು ಮಾತ್ರ ಬರಲಿಲ್ಲ.

ಮರುವರ್ಷದ ಬೇಸಿಗೆಯಲ್ಲಿ ಅವಳು ಅದೇ ರೊಟ್ಟಿ ಕಟ್ಟಿಕೊಂಡು ಹರಿಹರಕ್ಕೆ ಹೋದಳು. ಬಾಗಿಲು ತೆರೆದ ಊರಮ್ಮನ ಸೆರಗು ಸರಿದಾಗ ಕೊರಳಲ್ಲಿ ಅದೇ ಕಪ್ಪು ಪಟ್ಟಿ ಕಂಡಿತು. ಊರಮ್ಮ ಆ ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಣ್ಣುವ ಸೊಸೆ.

ಅತ್ತೆ ದುರುಗವ್ವ ಬೀಗಿತ್ತಿಯನ್ನು ಕಟ್ಟೆಯ ಮೇಲೆಯೇ ಕೂಡಿಸಿ, ನೀರನ್ನು ಮೇಲಿನಿಂದ ಬೊಗಸೆಗೆ ಸುರಿದಳು.

"ಇದು ಅಂಟೋ ರೋಗ ಅಲ್ರಿ, ಬೀಗ್ತೇರೆ. ನನ್ನ ಕೈ ನೋಡ್ರಿ, ವಾಸಿ ಆಗೈತೆ. ಆಕಿಗೂ ಒಂದೀಟು ಬೇಳೆ, ಶೇಂಗಾ ಕೊಡ್ರಿ."

"ಅಂದ್ರ ನಮ್ಮನ್ಯಾಗ ಸೊಸಿಗೆ ಹೊಟ್ಟಿಗೆ ಹಾಕಂಗಿಲ್ಲ ಅಂತೀಯೇನು?"

ಕೊರತೆ ಎಂದರೆ ಆ ಮನೆಯ ಮರ್ಯಾದೆ ಹೋಗುತ್ತದೆ, ಮಗಳು ಅಲ್ಲೇ ಉಳಿದು ಸೊರಗುತ್ತಾಳೆ. ರೋಗ ಎಂದರೆ ಈಗಲೇ ಕಳಿಸುತ್ತಾರೆ. ಕೊಟ್ರವ್ವ ಮಗಳ ಕೊರಳನ್ನು ಇನ್ನೊಮ್ಮೆ ನೋಡಿದಳು.

"ಇಲ್ರಿ. ನಂದೇ ಅಂಟೈತೆ. ಕಳಿಸ್ರಿ, ವಾಸಿ ಮಾಡಿ ಕಳಿಸ್ತೀನಿ."

ಅದೇ ದಿನ ಕಳಿಸಿದರು.

ಮಳೆ ಹಿಡಿಯುವ ಹೊತ್ತಿಗೆ ಊರಮ್ಮನ ಕೊರಳು ತಿಳಿಯಾಯಿತು. ಹರಿಹರಕ್ಕೆ ಶೇಂಗಾ ತರಲು ಹೋಗುತ್ತಿದ್ದ ಹಯಾತ್ ಸಾಬರ ಕೈಯಲ್ಲಿ ಕೊಟ್ರವ್ವ, ಮಗಳು ವಾಸಿಯಾಗಿದ್ದಾಳೆ, ಕರೆದುಕೊಂಡು ಹೋಗಿ ಎಂದು ಹೇಳಿಕಳಿಸಿದಳು. ಅವರು ತಿರುಗಿ ಬಂದು ಚೀಲ ಇಳಿಸಿ, ಬಹಳ ಹೊತ್ತು ಬೇರೇನೋ ಮಾತಾಡಿದರು. ಕೊನೆಗೆ, ಅಳಿಯನಿಗೆ ಮಲೆಬೆನ್ನೂರಿನ ಕಡೆಯ ಬೇರೆ ಹೆಣ್ಣು ಗೊತ್ತು ಮಾಡಿದ್ದಾರೆ ಎಂದರು. ಹೆತ್ತ ತಾಯಿಯೇ ಒಪ್ಪಿಕೊಂಡ ರೋಗ, ಇನ್ನೇನು ಕೇಳುವುದು ಎಂದು ದುರುಗವ್ವ ಅಂದಳಂತೆ.

ಅವರು ಹೋದ ಮೇಲೆ ಊರಮ್ಮ ಒಲೆಯ ಹತ್ತಿರ ಬಂದು ಕೂತಳು.

"ಅವ್ವ, ಯಾಕ ಹಂಗಂದೆ?"

ಕೊಟ್ರವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿದಳು. ಉಬ್ಬಿ ಬಂದ ಮೊದಲ ರೊಟ್ಟಿಯನ್ನು ಮಗಳ ಗಂಗಾಳಕ್ಕೆ ಹಾಕಿ, ಬಿಸಿ ಇರುವಾಗಲೇ ಉಣ್ಣು ಎಂದಳು.