ನನ್ನ ಹೆಸರಿನ ಬರಣಿ

ಮೊನ್ನೆ ನಮ್ಮ ಭಾವನವರ ಮಗ ಈರಣ್ಣ ಟಿಕೋಟಾದ ತೋಟದಿಂದ ನೇರವಾಗಿ ಜಲನಗರದ ನಮ್ಮ ಮನೆಗೆ ಬಂದ. ಕೈಯಲ್ಲೊಂದು ಕಟ್ಟಿಗೆಯ ಪೆಟ್ಟಿಗೆ, ಅದರೊಳಗೆ ಹುಲ್ಲಿನ ಮೇಲೆ ಕೂಸುಗಳನ್ನು ಮಲಗಿಸಿದಂತೆ ಆರು ಬಾಟಲಿ. ಅವನೂ ಅವನ ಹೆಂಡತಿ ರೇಣುಕಾಳೂ ಬೆಳೆದ ದ್ರಾಕ್ಷಿಯನ್ನು ಬಳ್ಳಿಯಲ್ಲೇ ಬಾಡಲು ಬಿಟ್ಟು, ಪರಿಚಯದವರ ಹತ್ತಿರ ಮಾಡಿಸಿದ ಸಿಹಿ ವೈನಂತೆ. ಊಟವಾದ ಮೇಲೆ ಇಷ್ಟೇ ಇಷ್ಟು ಕುಡಿಯುವಂಥದ್ದು.

"ಹನ್ನೆರಡ ವರ್ಷ ಇಟ್ರ ಬಂಗಾರ ಆಗ್ತೈತಿ ಚಿಗವ್ವ. ನಮ್ಮ ತೋಟದ ಮನ್ಯಾಗ ಕಾವು ಭಾಳ. ನಿಮ್ಮ ಹಿಂದಿನ ಖೋಲಿ ತಂಪೈತಿ, ಇಲ್ಲೇ ಇರ್ಲಿ" ಎಂದ. ರುಚಿಗೆಂದು ಬೇರೆಯೇ ತಂದಿದ್ದ ಸಣ್ಣ ಬಾಟಲಿಯೊಂದನ್ನು ಬಿಚ್ಚಿ, ಮೊದಲು ಮೂಸಬೇಕು, ಆಮೇಲೆ ನಾಲಿಗೆಯ ಮೇಲೆ ಹೊರಳಿಸಬೇಕು ಎಂದು ಎಪ್ಪತ್ತು ದಾಟಿದ ನನಗೆ ಪಾಠ ಹೇಳಿದ. ಮೂಸಿದೆ. ಒಣದ್ರಾಕ್ಷಿ, ಬೆಲ್ಲ, ಅದರ ಹಿಂದೆ ಎಲ್ಲೋ ಹಳೆಯ ಜೋಳದ ವಾಸನೆ. ಜೋಳ ಬಾಟಲಿಯಲ್ಲಿ ಇರಲಿಲ್ಲ, ನನ್ನ ತಲೆಯಲ್ಲಿತ್ತು. ನನಗೆ ನಗು ಬಂತು. ಈ ವಿದ್ಯೆಯನ್ನು ನಾನು ಕಲಿತದ್ದು ಜನ್ಮದಲ್ಲಿ ದಾರು ಮುಟ್ಟದ ಒಬ್ಬ ಮಾಸ್ತರರಿಂದ.

ಆ ಮಾಸ್ತರರು ನನ್ನ ಮಾವ, ಅಂದರೆ ಈರಣ್ಣನ ಅಜ್ಜ. ಬಬಲೇಶ್ವರದ ಕನ್ನಡ ಸಾಲೆಯಲ್ಲಿ ಕಲಿಸಿ ನಿವೃತ್ತರಾದವರು. ದಾರುವಿನ ಅಂಗಡಿ ಎದುರಾದರೆ ರಸ್ತೆಯ ಆಚೆ ಬದಿಗೆ ದಾಟಿ ನಡೆಯುತ್ತಿದ್ದರು. ಇಂಥ ಮನುಷ್ಯ ಪ್ರತಿವರ್ಷ ಶಿವರಾತ್ರಿ ಮುಗಿದದ್ದೇ ಬುಟ್ಟಿಗಟ್ಟಲೆ ದ್ರಾಕ್ಷಿ ತರಿಸಿ, ಬೆಲ್ಲ, ಹುದುಗಲೆಂದು ಧಾತಕಿ ಹೂ, ಏಲಕ್ಕಿ, ದಾಲ್ಚಿನ್ನಿ ಹಾಕಿ ಚೀನೀಮಣ್ಣಿನ ಬರಣಿಗೆ ತುಂಬಿ, ಬಾಯಿಗೆ ಅರಿವೆ ಕಟ್ಟಿ ಮಣ್ಣು ಮೆತ್ತುತ್ತಿದ್ದರು. ತಿಂಗಳಾದ ಮೇಲೆ ಸೋಸಿ, ಮತ್ತೆ ಬಾಯಿ ಮುಚ್ಚಿ, ಹಗೇವಿನೊಳಗೆ ಇಳಿಸುವುದು. ಹಗೇವು ಅಂದರೆ ಅಂಗಳದ ನೆಲದಡಿ ಜೋಳ ತುಂಬಿಡುವ ಗುಂಡಿ. ಮೇಲೆ ಬಿಜಾಪುರದ ಬಿಸಿಲು ಎಷ್ಟೇ ಸುಡಲಿ, ಜೋಳದ ನಡುವೆ ಹೂತ ಬರಣಿ ತಣ್ಣಗೆ ಕುಳಿತಿರುತ್ತಿತ್ತು. ಮಾವನವರು ಅದನ್ನು ದ್ರಾಕ್ಷಾಸವ ಎನ್ನುತ್ತಿದ್ದರು, ಔಷಧ ಎನ್ನುತ್ತಿದ್ದರು. ಅದಕ್ಕೂ ಆ ಅಂಗಡಿಯ ಸರಕಿಗೂ ಏನು ಫರಕು ಎಂದು ನೀವು ಕೇಳಬಹುದು. ನಾವು ಸೊಸೆಯಂದಿರೂ ಕೇಳುತ್ತಿದ್ದೆವು, ಅಡುಗೆಮನೆಯಲ್ಲಿ, ಪಿಸುಮಾತಿನಲ್ಲಿ.

ದ್ರಾಕ್ಷಿ ಬರುತ್ತಿದ್ದದ್ದು ಟಿಕೋಟಾದ ಖಾದರಸಾಬರ ತೋಟದಿಂದ. ಮಾವನವರಿಗಾಗಿಯೇ ಎರಡು ಸಾಲು ಬಳ್ಳಿಯ ಗೊನೆಗಳನ್ನು ಅವರು ಕೊಯ್ಯದೆ ಬಿಡುತ್ತಿದ್ದರು, ಹಣ್ಣು ಸುಕ್ಕುಗಟ್ಟುವ ತನಕ. ವರ್ಷಕ್ಕೊಮ್ಮೆ ಹಗೇವು ತೆಗೆಯುವ ದಿನ ಅವರೂ ಹಾಜರು. ಒಳಗಿನ ಗಾಳಿ ಕೆಟ್ಟಿಲ್ಲವೆಂದು ತಿಳಿಯಲು ಮೊದಲು ಕಂದೀಲು ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು. ಬರಣಿಗಳು ಮೇಲೆ ಬಂದಾಗ ಮಾವನವರು ಹಳೆಯದೊಂದನ್ನು ಬಿಚ್ಚಿ ಒಂದೇ ಚಮಚ ನಾಲಿಗೆಗೆ ಹಾಕಿ ಕಣ್ಣು ಮುಚ್ಚುತ್ತಿದ್ದರು. ಖಾದರಸಾಬರು ಕುಡಿಯುವವರಲ್ಲ. "ನನಗ ಮೂಗಷ್ಟ ಸಾಕ್ರಿ ಮಾಸ್ತರ" ಎಂದು ಬಗ್ಗಿ ಮೂಸಿ, "ಇದು ಬಾವಿ ಕಡಿ ಸಾಲಿಂದರಿ. ಮಳಿ ಆಗಲಾರದ ವರ್ಷದ್ದು. ಹಣ್ಣು ಸಣ್ಣ ಇದ್ದೂವು, ಖರೆ, ರಸ ಜೇನ ಆಗಿತ್ತು" ಎನ್ನುತ್ತಿದ್ದರು. ಒಬ್ಬರದು ಬರೀ ಚಮಚ, ಒಬ್ಬರದು ಬರೀ ಮೂಗು. ಅವರಷ್ಟು ಚೆನ್ನಾಗಿ ಅದನ್ನು ಬಲ್ಲವರನ್ನು ನಾನು ಮತ್ತೆ ಕಂಡಿಲ್ಲ.

ಮನೆಗೆ ಸೊಸೆ ಬಂದ ವರ್ಷ ಅವಳ ಬಾಣಂತನಕ್ಕೆಂದು ಒಂದು ಬರಣಿ ಇಡುವುದು ಮಾವನವರ ಪದ್ಧತಿ. ಹೆತ್ತ ಮೇಲೆ ದಿನಕ್ಕೆರಡು ಚಮಚ, ಮೈಗೆ ಶಕ್ತಿ ಬರಲೆಂದು. ಬರಣಿಯ ಕೊರಳಿಗೆ ಕಟ್ಟಿದ ಬಿಳಿ ಅರಿವೆಯ ಚೀಟಿಯ ಮೇಲೆ ವರ್ಷ, ಅದರ ಕೆಳಗೆ ಹೆಸರು. ನಾನು ಬಂದದ್ದು ಎಪ್ಪತ್ತೊಂದರಲ್ಲಿ. ಸಾಲೆಯ ಹಲಗೆಯ ಮೇಲೆ ಬರೆಯುವ ದುಂಡನೆಯ ಅಕ್ಷರದಲ್ಲಿ 'ಶಾಂತಾ' ಎಂದು ಬರೆದದ್ದನ್ನು ನೋಡಿ ನಾನು ಉಬ್ಬಿಹೋಗಿದ್ದೆ.

ನನ್ನ ಯಜಮಾನರ ನೌಕರಿ ಬಿಜಾಪುರ ನಗರದಲ್ಲಿ. ಇಬ್ರಾಹಿಂಪುರದಲ್ಲಿ ಬಾಡಿಗೆ ಮನೆ ಮಾಡಿದ್ದೆವು. ಹಗೇವು ತೆಗೆಯುವ ದಿನ ಬಬಲೇಶ್ವರಕ್ಕೆ ಹೋಗಲೇಬೇಕು. ಆ ವರ್ಷ ಬೇಕಾದ ಬರಣಿ ಮೇಲೆ ಉಳಿಯುತ್ತಿತ್ತು, ಬೇಡವಾದದ್ದು ಹೊಸ ಜೋಳದ ಜೊತೆ ಮತ್ತೆ ಕೆಳಗೆ. ನನ್ನದು ಪ್ರತಿವರ್ಷ ಮೇಲೆ ಬಂದು ಪ್ರತಿವರ್ಷ ಕೆಳಗೆ ಹೋಯಿತು. ನನಗೆ ಮಕ್ಕಳಾಗಲಿಲ್ಲ. ಎರಡು ವರ್ಷ, ನಾಲ್ಕು ವರ್ಷ, ಆರು ವರ್ಷ. ಡಾಕ್ಟರರೂ ಆಯಿತು, ಹರಕೆಯೂ ಆಯಿತು. ಕಡೆಕಡೆಗೆ ಆ ದಿನ ಬಂದರೆ ತಲೆನೋವೆಂದು ನೆವ ಹೇಳಿ ಒಳಗೆ ಮಲಗುತ್ತಿದ್ದೆ. ಹೊರಗೆ ಕಂದೀಲು ಇಳಿಸುವ ಸರಪಳಿಯ ಸದ್ದು ಕೇಳಿಸುತ್ತಿತ್ತು.

ಎಪ್ಪತ್ತೆಂಟರಲ್ಲಿ ನನ್ನ ನೆಗೆಣ್ಣಿ ಗೌರಕ್ಕ ಮೂರನೆಯದನ್ನು ಹೆತ್ತಳು. ಅವಳ ಬರಣಿ ಮೊದಲೆರಡು ಬಾಣಂತನಕ್ಕೇ ಮುಗಿದಿತ್ತು. ಈ ಸಲ ಅವಳು ಬಹಳ ಸೋತಿದ್ದಳು, ಎದ್ದು ಕೂತರೆ ಕಣ್ಣು ಕತ್ತಲೆ. ಹಗೇವು ತೆಗೆದ ದಿನವೇ ಅತ್ತೆ ಅಂದರು, "ಅಕೀದು ಸುಮ್ಮ ಕುಂತೈತಲ್ಲ, ಅದನ್ನ ತಗೀರಿ. ಏಳ ವರ್ಷ ಆತು."

ಮಾವನವರು, "ಅದರ ಮ್ಯಾಲ ಬ್ಯಾರೆ ಹೆಸರ ಐತಿ" ಎಂದರು.

"ಹೆಸರ ಇದ್ರ ಕೂಸ ಹುಟ್ಟತೈತೇನ್ರಿ?"

ಅತ್ತೆ ಕೆಟ್ಟವರಲ್ಲ. ಒಳಗೆ ಮಲಗಿದ್ದ ನನಗೆ ಕೇಳಿಸಿದ್ದು ಅವರಿಗೆ ಗೊತ್ತಿರಲಿಲ್ಲ. ನಾನು ಎದ್ದು ಅಂಗಳಕ್ಕೆ ಬಂದೆ. ದೊಡ್ಡ ಮನಸ್ಸಿನವಳಂತೆ ಮಾತಾಡಬೇಕೆಂದಿದ್ದೆ, ಬಂದದ್ದು ಅಳು. "ಅಕ್ಕಗ ಕೊಡ್ರಿ ಮಾವಾರ. ನನಗ್ಯಾಕ ಬೇಕು ಅದು? ಆ ಚೀಟಿ ಹರದ ಒಗೀರಿ."

ಮಾವನವರು ನನ್ನ ಬರಣಿಯ ಕೊರಳಿನ ಮಣ್ಣನ್ನು ಉಗುರಿನಿಂದ ಕೆರೆದು ಬಾಯಿ ಬಿಚ್ಚಿದರು. ಖಾದರಸಾಬರು ಒಂದು ಸಲ ಬಗ್ಗಿ ಮೂಸಿ, ತಲೆಯ ಟೋಪಿ ಸರಿಮಾಡಿಕೊಂಡರು. ಮೊದಲ ಚಮಚವನ್ನು ಮಾವನವರು ನನ್ನ ಅಂಗೈಗೆ ಹಾಕಿದರು.

"ತಗೋ ತಂಗಿ."

"ನಾ ಏನ ಬಾಣಂತಿ ಏನ್ರಿ?"

"ಚೀಟಿ ಮ್ಯಾಲ ನಿನ್ನ ಹೆಸರ ಬರದೀನಿ. ಕೂಸಿನ ಹೆಸರಲ್ಲ."

ಆ ರುಚಿಯನ್ನು ಹೇಗೆ ಹೇಳಲಿ? ಸಿಹಿ ಇತ್ತು, ಆದರೆ ಬೆಲ್ಲದ ಅವಸರದ ಸಿಹಿಯಲ್ಲ. ಗಂಟಲಿಳಿದ ಮೇಲೂ ಬಹಳ ಹೊತ್ತು ಬಾಯಲ್ಲೇ ಉಳಿಯಿತು. ಏಳು ವರ್ಷದಿಂದ ಆ ಮನೆಯಲ್ಲಿ ನಾನು ಏನನ್ನೋ ಬಾಕಿ ಉಳಿಸಿಕೊಂಡವಳಂತೆ ತಲೆ ತಗ್ಗಿಸಿ ಓಡಾಡಿದ್ದೆ. ಅಂದು ತಲೆ ಎತ್ತಿದೆ. ನನ್ನದು ಅಂದ ಮೇಲೆ ಕೊಡುವುದೂ ನನ್ನ ಕೈಯಲ್ಲೇ ಇತ್ತಲ್ಲ, ಅರ್ಧ ಬರಣಿಯನ್ನು ನಾನೇ ಸೋಸಿ ಗೌರಕ್ಕನ ಕೋಣೆಗೆ ಒಯ್ದೆ. ತೊಟ್ಟಿಲಲ್ಲಿ ಕಿರುಚುತ್ತಿದ್ದ ಆ ಮೂರನೆಯ ಕೂಸೇ ಈ ಈರಣ್ಣ. ಮಾವನವರಿಗೆ ಅಂದು ನಾನು ಒಂದು ಮಾತೂ ಹೇಳಲಿಲ್ಲ. ಆಗ ಬಾಯಿ ಬರಲಿಲ್ಲ, ಈಗ ಅವರಿಲ್ಲ. ಅವರ ಉಪಕಾರವನ್ನು ನಿಮಗಾದರೂ ಹೇಳಿ ಹಗುರಾಗುತ್ತಿದ್ದೇನೆ.

ಈರಣ್ಣ ಪೆಟ್ಟಿಗೆಯನ್ನು ಹಿಂದಿನ ಕೋಣೆಯ ಮೂಲೆಗೆ ಸರಿಸಿದ. ನಾನು ಹಳೆಯ ಬಿಳಿ ಸೀರೆಯ ಅಂಚು ಹರಿದು, ವರ್ಷ ಬರೆದು, ಕೆಳಗೆ ರೇಣುಕಾ ಎಂದು ಬರೆದು ಪೆಟ್ಟಿಗೆಗೆ ಕಟ್ಟಿದೆ. ನನ್ನ ಅಕ್ಷರ ದುಂಡಗೆ ಬರಲಿಲ್ಲ.

"ಆಕಿ ಹೆಸರ್ಯಾಕ ಚಿಗವ್ವ? ಆಕಿ ಇದನ್ನ ಕುಡಿಯಂಗೇ ಇಲ್ಲ!"

"ಕುಡೀತಾಳೋ, ಮಾರ್ತಾಳೋ, ಯಾರಿಗರೆ ಕೊಡ್ತಾಳೋ, ಅದು ಆಕೀಗೆ ಬಿಟ್ಟದ್ದು" ಎಂದೆ. "ತಗಿಯೂ ದಿನ ಆಕೀನ್ನ ಕೇಳಿ ತಗಿ."