ಇಂಟರ್ವಲ್ಲಿನ ನಂತರ ಬದುಕಿದವಳು

ಕೆಲಸಕ್ಕೆಂದು ಗಡಿಯಾಚೆಯ ಜತ್ತ ಊರಿಗೆ ಹೋದವನು ಸಂಜೆ ಹೊತ್ತು ಹೋಗದೆ ಅಲ್ಲಿನ ವಿಡಿಯೊ ಟಾಕೀಸ್ ಹೊಕ್ಕೆ. ದೈತ್ಯ ಹಲ್ಲಿಯ ಸಿನಿಮಾದ ಎರಡನೆಯ ಭಾಗ, ಎಲ್ಲೆಡೆ ಉಗಿಸಿಕೊಂಡದ್ದು. ಇಂಟರ್ವಲ್ಲಿಗೆ ಸರಿಯಾಗಿ ಹಲ್ಲಿ ನಾಯಕಿಯನ್ನು ನುಂಗಿತು. ಅವಳು ಉಳಿಯುತ್ತಾಳೋ ಇಲ್ಲವೋ ಎಂದು ನನಗೂ ಕುತೂಹಲ ಹುಟ್ಟಿತು, ನಾಚಿಕೆಗೇಡು.

ಇಂಟರ್ವಲ್ ಮುಗಿದರೆ ತೆರೆಯ ಮೇಲೆ ಮೊದಲನೆಯ ಭಾಗ! ಸಿಟ್ಟು ನೆತ್ತಿಗೇರಿ ಮಾಲೀಕನನ್ನು ಹಿಡಿದೆ.

“ಎರಡನೇದರ ಉಳದ ಅರ್ಧಾ ಎಲ್ಲೈತ್ರಿ?”

“ನಿನ್ನಿ ಪೂರಾ ತೋರ್ಸಿದ್ನಿರಿ ಸರ. ಮಂದಿ ಖುರ್ಚಿ ಮುರದ್ರು. ಹಳೇದು ಚಲೋ ಐತಿ, ಹೋಗಿ ಕುಂದ್ರಿ.”

“ಆಕಿ ಉಳದ್ಲೋ ಇಲ್ಲೋ, ಅಷ್ಟರೆ ಹೇಳ್ರಿ.”

“ನಾನೆಲ್ಲಿ ನೋಡ್ಲಿರಿ? ಖುರ್ಚಿ ಉಳಸೂದ್ರಾಗ ಇದ್ದೆ.”

ಒಳಗೆ ಬಂದರೆ, ತೆರೆಯ ಮೇಲೆ ಮೊದಲ ಭಾಗದಲ್ಲಿ ಅದೇ ನಾಯಕಿ ನಗುತ್ತ ಚಹಾ ಕುಡಿಯುತ್ತಿದ್ದಳು. ಹತ್ತಿರದ ಬಿಳೂರು ಹಳ್ಳಿಯಿಂದ ಬಂದು ನನ್ನ ಪಕ್ಕ ಕೂತಿದ್ದ ಅಜ್ಜನೊಬ್ಬ ಚಪ್ಪಾಳೆ ತಟ್ಟಿದ: “ಉಳದ್ಲು ನೋಡ್ರಿ, ಪುಣ್ಯಾತಗಿತ್ತಿ!”

ಆಟ ಮುಗಿದ ಮೇಲೆ ಎಲ್ಲರೂ ಸಮಾಧಾನದಿಂದ ಮನೆಗೆ ಹೋದರು. ನನ್ನ ಪಾಲಿಗೆ ಮಾತ್ರ ಅವಳು ಇನ್ನೂ ಹಲ್ಲಿಯ ಹೊಟ್ಟೆಯಲ್ಲೇ ಇದ್ದಾಳೆ.