ಬಿಳಿ ಗೆರೆ ಅಳಿಸಿದ ಭಾನುವಾರ

ಪ್ಯಾರೀಸ್ ಕಾರ್ನರ್ ಹತ್ತಿರದ ಒಂದು ರಸ್ತೆಯಲ್ಲಿ ಯಾರೋ ತಪ್ಪು ಜಾಗದಲ್ಲಿ ಜೀಬ್ರಾ ಗೆರೆ ಎಳೆದಿದ್ದರು. ನಂಬಿ ದಾಟಿದವರು ನೇರ ಹೋಗಿ ಗೋದಾಮಿನ ಗೋಡೆ ಮುಟ್ಟುತ್ತಿದ್ದರು. ಅದನ್ನು ಅಳಿಸುವ ಕೆಲಸ ನಮ್ಮ ಗುತ್ತಿಗೆದಾರರ ಪಾಲಿಗೆ ಬಂತು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಮೈಸೂರು ಕಡೆಯಿಂದ ಈ ತಮಿಳು ಊರಿಗೆ ಬಂದು ಮೇಲ್ವಿಚಾರಕನಾಗಿದ್ದ ನನಗೆ ಬಣ್ಣ ಕೀಳಲು ತರಿಸಿದ್ದ, ಭಾರಿ ಒತ್ತಡದಲ್ಲಿ ನೀರು ಚಿಮ್ಮಿಸುವ ಹೊಸ ಯಂತ್ರ ಕಂಡರೆ ಪ್ರಾಣಭಯ. ಡಾಂಬರಿಗೆ ಕಚ್ಚಿಕೊಂಡ ಬಣ್ಣವನ್ನೇ ಎಬ್ಬಿಸುವ ನೀರು ಚರ್ಮವನ್ನು ಬಿಟ್ಟೀತೇ?

ಹಾಗಾಗಿ ಭಾನುವಾರ ಬೆಳಗ್ಗೆ ರಸ್ತೆ ಮುಚ್ಚಿಸಿದ ಮೇಲೆ ಕೋನ್‌ಗಳನ್ನು ಮೂರು ಸಲ ಎಣಿಸಿದೆ. ಬಣ್ಣದ ಚೂರು ಚರಂಡಿಗೆ ಇಳಿಯದಂತೆ ಮರಳಿನ ಚೀಲ ಇಡಿಸಿದೆ. ಯಂತ್ರದ ನೀರಿನ ಗನ್ ಹಿಡಿಯುವವನ ಮುಖದ ಪರದೆ, ಗಮ್‌ಬೂಟು ಎಲ್ಲ ತಡವಿ ನೋಡಿದೆ. ಅವನ ಮನೆಯವರು ಮೂರು ತಲೆಮಾರಿನಿಂದ ಇಲ್ಲಿಯವರು. ಅರ್ಧ ತಮಿಳು ಬೆರೆತ ಕನ್ನಡ.

“ಇನ್ನೊಂದ್ ಸಲ ಎಣಿಸ್ರಿ ಸಾರ್. ಕೋನ್‌ಗೆ ಕಾಲ್ ಬಂದು ಓಡಿಹೋಗಿದ್ರೆ?” ಎಂದ.

ಸಾಲದ್ದಕ್ಕೆ ಯಂತ್ರಕ್ಕೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದೆ. ದಾರ ಒಂದಿಷ್ಟು ಮಿಕ್ಕಿತು.

ಗನ್ನಿನ ಟ್ರಿಗರ್ ಒತ್ತಿ ಹಿಡಿದಿದ್ದರಷ್ಟೇ ನೀರು. ಕೈ ಸಡಿಲಿಸಿದರೆ ನಿಲ್ಲಬೇಕು. ಒತ್ತಿ ಒತ್ತಿ ಅವನ ಬೆರಳುಗಳು ಮರಗಟ್ಟತೊಡಗಿದವು. ಹತ್ತು ಗಂಟೆಗೆ ರಸ್ತೆ ಬಿಟ್ಟುಕೊಡಬೇಕಿತ್ತು, ಇನ್ನೂ ನಾಲ್ಕು ಪಟ್ಟೆ ಬಾಕಿ.

“ಟ್ರಿಗರ್ ಒತ್ತಿ ದಾರದಲ್ಲಿ ಕಟ್ಟಿಬಿಡ್ಲಾ ಸಾರ್?”

ನಾನು ಗಡಿಯಾರ ನೋಡಿದೆ. ಜೇಬಿನಿಂದ ಆ ಮಿಕ್ಕ ದಾರ ತೆಗೆದು ಕೊಟ್ಟೆ.

ಎರಡು ಪಟ್ಟೆ ಸಲೀಸಾಗಿ ಹೋದವು. ಮೂರನೆಯದರಲ್ಲಿ ಒದ್ದೆ ಬಣ್ಣದ ರಾಡಿಯ ಮೇಲೆ ಅವನ ಕಾಲು ಜಾರಿತು. ಕೈಬಿಟ್ಟ ಗನ್ನು ನಿಲ್ಲಲಿಲ್ಲ, ಹಾವಿನಂತೆ ಹೊರಳಿತು. ಅವನು ಎಡಗೈಯಲ್ಲಿ ಅದರ ಮೂತಿಯನ್ನೇ ಹಿಡಿದ. ನಾನು ಇಂಜಿನ್ ಆರಿಸುವಷ್ಟರಲ್ಲಿ ಮುಗಿದಿತ್ತು.

ಗ್ಲೌಸ್ ತೆಗೆದರೆ ಅಂಗೈಯಲ್ಲಿ ಸಾಸಿವೆಯಷ್ಟು ಒಂದು ಚುಕ್ಕೆ. ರಕ್ತವೂ ಇಲ್ಲ.

“ಇಷ್ಟೇನಾ? ಅರಿಶಿನ ಹಚ್ಚಿದ್ರೆ ಸರಿಹೋಗ್ತದೆ. ನಿಮಗೆ ಎಲ್ಲದಕ್ಕೂ ಬಯ ಸಾರ್,” ಎಂದು ನಕ್ಕ.

ನಾನು ಅವನನ್ನು ಆಟೋಗೆ ತಳ್ಳಿದೆ. ಚುಕ್ಕೆ ಸಣ್ಣದಿದ್ದಷ್ಟೂ ಮೋಸ. ನೀರು, ಕೊಳೆ, ಬಣ್ಣ ಒಳಗೆ ಹೊಕ್ಕು ಕೈಯನ್ನು ಕೊಳೆಸುತ್ತದೆ ಎಂದು ಯಂತ್ರ ಕೊಟ್ಟವರು ಹೇಳಿದ್ದರು. ವೈದ್ಯರಿಗೆ ತೋರಿಸಲು ಒಂದು ಚೀಟಿಯನ್ನೂ ಕೊಟ್ಟಿದ್ದರು. ಅದಕ್ಕೆ ಲ್ಯಾಮಿನೇಷನ್ ಮಾಡಿಸಿ ಶಿವನ ಪಟದ ಜೊತೆ ಪರ್ಸಿನಲ್ಲಿ ಇಟ್ಟುಕೊಂಡಿದ್ದ ಪುಣ್ಯಾತ್ಮ ಆಫೀಸಿಗೆಲ್ಲ ನಾನೊಬ್ಬನೇ.

ಆಸ್ಪತ್ರೆಯ ಎಳೆಯ ವೈದ್ಯರು ಕೈ ತಿರುಗಿಸಿ ನೋಡಿ, ಇಂಜೆಕ್ಷನ್ ಕೊಟ್ಟು ಕಳಿಸೋಣ ಎಂದರು. ನನ್ನ ತಮಿಳು ಗಾಬರಿಯಲ್ಲಿ ಕೈಕೊಟ್ಟಿತು. “ಬೇಡ ಸಾರ್, ವೇಂಡಾಂ ಸಾರ್,” ಎನ್ನುತ್ತ ಚೀಟಿಯನ್ನು ಅವರ ಮೇಜಿನ ಮೇಲಿಟ್ಟು ಅದರ ಮೇಲೆ ಕೈಯೂರಿ ನಿಂತುಬಿಟ್ಟೆ. ನನ್ನ ಕೈ ಸರಿಸಿ ಓದಿದರು. ಓದುತ್ತ ಓದುತ್ತ ಎದ್ದು ನಿಂತರು. ಅಷ್ಟರಲ್ಲಿ ಅವನ ಅಂಗೈ ಇಡ್ಲಿಯಂತೆ ಉಬ್ಬಿತ್ತು. ಅವನು ನಗುವುದನ್ನು ನಿಲ್ಲಿಸಿದ್ದ.

“ಕೈಬಿಟ್ಟ ತಕ್ಷಣ ನೀರು ನಿಲ್ಲಲ್ಲವಾ?” ವೈದ್ಯರು ಕೇಳಿದರು.

ಅವನು ನೆಲ ನೋಡುತ್ತ, “ನಾನೇ ಕಟ್ಟಿದ್ದೆ ಸಾರ್,” ಎಂದ.

“ದಾರ ಕೊಟ್ಟಿದ್ದು ನಾನು,” ಎಂದೆ. ಯಾರೂ ನನ್ನತ್ತ ತಿರುಗಲಿಲ್ಲ. ಆಗಲೇ ಸ್ಟ್ರೆಚರ್ ಬಂದಿತ್ತು.

ಅಂಗೈಯಿಂದ ಮಣಿಕಟ್ಟಿನ ತನಕ ಕೊಯ್ದು ತೊಳೆದರು. ಕೈ ಉಳಿಯಿತು. ಬೆರಳುಗಳ ವಿಚಾರ ಈಗಲೇ ಹೇಳಲಾಗದು ಎಂದರು. ನಾಲ್ಕನೆಯ ದಿನ ಕಟ್ಟು ಬಿಚ್ಚಿ, ಒಂದೊಂದಾಗಿ ಮಡಿಸು ಎಂದರು. ಕಿರುಬೆರಳು ಮಡಚಿತು. ಉಂಗುರದ ಬೆರಳು, ನಡುಬೆರಳು, ಹೆಬ್ಬೆರಳು ಕೂಡ, ನಿಧಾನವಾಗಿ. ತೋರುಬೆರಳು ನೆಟ್ಟಗೆ ನನ್ನ ಕಡೆಗೇ ಚಾಚಿಕೊಂಡಿತ್ತು.

ಅವನು ಹಲ್ಲು ಕಚ್ಚಿ ಇನ್ನೊಮ್ಮೆ ಯತ್ನಿಸಿದ. ಆಮೇಲೆ ನನ್ನ ಮುಖ ನೋಡಿ ಅವನೇ ಸಮಾಧಾನ ಹೇಳಿದ: “ನಾಳೆ ಮಡಚ್ತದೆ ಬಿಡ್ರಿ ಸಾರ್.”

ಮರುದಿನ ಬೆಳಗ್ಗೆ ಏಳಕ್ಕೇ ಹೋಗಿ ಕೂತೆ. ಅದರ ಮರುದಿನವೂ ಹೋದೆ. ಅದು ಮಡಚಲಿಲ್ಲ.